ಆನೆಯ ಅಳತೆ

ಊರಿನವರನ್ನೆಲ್ಲ ಟೇಪಜ್ಜ ಇಂಚಿನ ಲೆಕ್ಕದಲ್ಲೇ ಬಲ್ಲ. ಬೀದಿಯಲ್ಲಿ ಯಾರಾದರೂ ಎದುರಾದರೆ ಅವರ ಹೆಸರು ನೆನಪಾಗುವುದಕ್ಕೆ ಮೊದಲೇ ಸೊಂಟ ನೆನಪಾಗುತ್ತದೆ. ನಲವತ್ತೆರಡು ವರ್ಷದಿಂದ ಅದೇ ಬೀದಿ, ಅದೇ ಟೈಲರ್ ಅಂಗಡಿ, ಅದೇ ಹೊಲಿಗೆ ಮೆಷಿನ್ನು. ಅಂಗಡಿಯ ಹಿಂದೆ ಎರಡು ಕೋಣೆಯ ಮನೆ. ಅಜ್ಜಿ ಕಾಜಾ ಹೊಲಿಯುತ್ತಾಳೆ, ಗುಂಡಿ ಹಾಕುತ್ತಾಳೆ, ಗಂಡ ಉದ್ದುದ್ದ ಮಾತಾಡಿದರೆ ಅದಕ್ಕೂ ಕತ್ತರಿ ಹಾಕುತ್ತಾಳೆ.

ಉದ್ದುದ್ದ ಮಾತು ಎಂದೆನಲ್ಲ, ಅದು ಅಳತೆ ತೆಗೆಯುವಾಗ ಮಾತ್ರ. "ಕೈ ಎತ್ತಿ, ಉಸಿರು ಬಿಡಿ, ಅಣ್ಣನ ಜೊತೆ ಮಾತು ಶುರುವಾಯ್ತಾ, ಸ್ವಲ್ಪ ತಿರುಗಿ" ಎಂದು ಎದೆ, ತೋಳು, ಸೊಂಟ ಮುಗಿಸುವಷ್ಟರಲ್ಲಿ ಎದುರಿನವರ ಸಂಸಾರದ ಒಳ ಅಸ್ತರೆಲ್ಲ ಅವನ ಕೈಗೆ ಬಂದಿರುತ್ತದೆ. ಟೇಪು ವಾಪಸು ಕೊರಳಿಗೆ ಹೋಯಿತೋ, ಬಾಯಿಗೆ ಬೀಗ. ಮದುವೆಯಾದ ಹೊಸತರಲ್ಲಿ ಅಜ್ಜಿ ಇದನ್ನು ಕಂಡುಕೊಂಡಳು. ಗಂಡನ ಬಾಯಿಂದ ಏನಾದರೂ ಸುದ್ದಿ ಬೇಕೆಂದರೆ ಎದ್ದು ಹೋಗಿ ಅವನ ಮುಂದೆ ಕೈ ಎತ್ತಿ ನಿಲ್ಲುತ್ತಾಳೆ. ಅವರ ಸಂಸಾರ ನಡೆದು ಬಂದದ್ದೇ ಹಾಗೆ.

ಇಂಥ ಮನುಷ್ಯನಿಗೆ ಮೊಮ್ಮಕ್ಕಳು ದೂರದ ಊರಿನಲ್ಲಿದ್ದರೆ ಗತಿಯೇನು? ಮಗಳು ಅಲ್ಲಿ ಸಿಟಿ ಬಸ್ಸು ಓಡಿಸುತ್ತಾಳೆ, ಅಳಿಯ ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡುತ್ತಾನೆ. ಮೂರು ರೈಲು ಬದಲಿಸಿ ಹೋಗಬೇಕು. ಮೊಮ್ಮಗಳಿಗೆ ಎಂಟು ವರ್ಷ, ಹುಟ್ಟಿದಾಗಿನಿಂದ ಸಣಕಲು, ಅಜ್ಜ ಇಟ್ಟ ಹೆಸರು ಸೂಜಿ. ಮೊಮ್ಮಗನಿಗೆ ನಾಲ್ಕೂವರೆ, ಎಲ್ಲ ಕಡೆಯಿಂದಲೂ ದುಂಡಗೆ, ಅವನ ಹೆಸರು ಗುಂಡಿ. ಟೇಪಜ್ಜ ಎಂಬ ಹೆಸರು ಅವರಿಬ್ಬರೂ ಸೇರಿ ವಾಪಸು ಕೊಟ್ಟದ್ದು. ಅವರನ್ನು ಎದುರಿಗೆ ಕಂಡು ಎರಡು ವರ್ಷವಾಗಿತ್ತು. ಫೋನಿನಲ್ಲಿ ವಾರಕ್ಕೊಮ್ಮೆ ಮುಖ ಕಾಣುತ್ತಿತ್ತು, ನಿಜ.

"ಸೂಜಿ, ಊಟ ಆಯ್ತಾ?"

"ಆಯ್ತು ಅಜ್ಜ."

"ಸ್ಕೂಲಿಗೆ ಹೋಗಿದ್ಯಾ?"

"ಹೋಗಿದ್ದೆ."

"ಮತ್ತೆ?"

"ಮತ್ತೇನಿಲ್ಲ."

ಅಷ್ಟೇ. ಆಮೇಲೆ ಗುಂಡಿಯ ಒಂದು ಮೂಗಿನ ಹೊಳ್ಳೆ ಇಡೀ ಪರದೆಯನ್ನು ತುಂಬಿಕೊಳ್ಳುತ್ತಿತ್ತು. ಟೇಪಜ್ಜ ಸ್ವಲ್ಪ ಹೊತ್ತು ಅದನ್ನೇ ಪ್ರೀತಿಯಿಂದ ನೋಡಿ ಫೋನು ಇಡುತ್ತಿದ್ದ. ಸೂಜಿಗೆ ತನ್ನ ಹತ್ತಿರ ಆಡಲು ಮಾತೇ ಇಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಸಂಕಟ. ತನಗೂ ಮಾತು ಬರುವುದಿಲ್ಲ ಎಂಬುದು ಅವನ ತಲೆಗೆ ಹೋಗುತ್ತಿರಲಿಲ್ಲ.

ಅಜ್ಜಿಗೆ ಅರಿವೆ ಚಿಂತೆ ಎಂದು ಗಾದೆ ಇದೆ. ಈ ಮನೆಯಲ್ಲಿ ಅದು ಅಜ್ಜನ ಪಾಲಿಗೆ ಬಂದಿತ್ತು. ಮಾತಾಡಲು ಬಾರದವನು ಹೊಲಿದು ಕಳಿಸುತ್ತಿದ್ದ. ಎರಡು ವರ್ಷದ ಹಿಂದೆ ಕಂಡ ಮಕ್ಕಳ ಅಳತೆ ಕಣ್ಣಿಗೆ ಕಟ್ಟಿದ ಹಾಗಿತ್ತು, ಆ ಕಣ್ಣಳತೆಯಲ್ಲೇ ಹೊಲಿಯುತ್ತಿದ್ದ. ಮಕ್ಕಳೋ, ಅಜ್ಜನನ್ನು ಒಂದು ಮಾತೂ ಕೇಳದೆ ಬೆಳೆಯುತ್ತಿದ್ದವು. ಕೊನೆಗೆ ಕಳಿಸಿದ ಹಳದಿ ಫ್ರಾಕು ಸೂಜಿಯ ಕಿವಿಯ ಹತ್ತಿರ ಸಿಕ್ಕಿಕೊಂಡು ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಅವಳು ಹಾಗೇ ತಡಕಾಡುತ್ತ ಹೋಗಿ ಬಾಗಿಲಿಗೆ ಹಣೆ ಬಡಿಸಿಕೊಂಡಳು. ಆ ಫ್ರಾಕು ಈಗ ಮಗಳ ಮನೆಯ ಟೇಬಲ್ ಫ್ಯಾನಿನ ಹೊದಿಕೆ. ಫ್ಯಾನಿಗೆ ಚೆನ್ನಾಗಿ ಹಿಡಿಸಿದೆಯಂತೆ.

"ಅಪ್ಪ, ಇನ್ಮೇಲೆ ಬಟ್ಟೆ ಕಳಿಸ್ಬೇಡ" ಎಂದಳು ಮಗಳು. "ಇಲ್ಲಿ ರೆಡಿಮೇಡ್ ಸಿಗುತ್ತೆ. ನೀನು ಹೊಲಿಯೋ ಬಟ್ಟೆಗೆ ತಕ್ಕ ಹಾಗೆ ನಾನು ಮಕ್ಕಳನ್ನ ಕತ್ತರಿಸಕ್ಕಾಗಲ್ಲ."

ಟೈಲರ್ ಮಗಳ ಬಾಯಲ್ಲಿ ರೆಡಿಮೇಡ್ ಎಂಬ ಮಾತು. ಟೇಪಜ್ಜ ಆ ದಿನ ಮಧ್ಯಾಹ್ನ ಒಂದು ಅಂಗಿಗೆ ಎರಡೂ ಎಡಗೈ ತೋಳು ಹಚ್ಚಿದ.

ಹಳದಿ ಫ್ರಾಕಿನ ಜೊತೆ ಅವನು ಇನ್ನೊಂದು ವಸ್ತುವನ್ನೂ ಕಳಿಸಿದ್ದ: ತನ್ನ ಹಳೆಯ ಟೇಪು. ಅದು ಕೆಲಸ ಕಲಿಸಿದ ಗುರು ಕೊಟ್ಟದ್ದು. ತುದಿ ಪಿಸಿದು ನಾರು ನಾರಾಗಿದೆ ಎಂದು ಮೂವತ್ತು ವರ್ಷದ ಹಿಂದೆಯೇ ಮೊದಲಿನ ನಾಲ್ಕು ಇಂಚನ್ನು ಕತ್ತರಿಸಿ ತೆಗೆದಿದ್ದ. ಗುರುವಿನ ಟೇಪನ್ನು ಎಸೆಯಲು ಮನಸ್ಸು ಬರಲಿಲ್ಲ. ಓದಿದ ಅಂಕೆಯಲ್ಲಿ ನಾಲ್ಕು ಕಳೆದು ಬರೆದುಕೊಂಡರಾಯಿತು ಎಂದುಕೊಂಡ, ಕಳೆಯುತ್ತ ಕಳೆಯುತ್ತ ಅದು ಉಸಿರಾಡಿದಷ್ಟು ಸಲೀಸಾಯಿತು. ಉಸಿರಾಡುತ್ತಿದ್ದೇನೆ ಎಂದು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ? ಟೇಪಜ್ಜ ಪೂರ್ತಿ ಮರೆತಿದ್ದ. ಮೊಮ್ಮಕ್ಕಳ ಹತ್ತಿರ ತನ್ನದೊಂದು ವಸ್ತು ಇರಲಿ ಎಂದು ಅದನ್ನು ಕಳಿಸಿ, ತಾನು ಹೊಸ ಟೇಪು ಕೊಂಡುಕೊಂಡ.

ಹೊಸ ಟೇಪು ಬಂದಾಗಿನಿಂದ ಊರಿನಲ್ಲಿ ಒಂದು ವಿಚಿತ್ರ ನಡೆಯಿತು. ಎಲ್ಲರೂ ದಪ್ಪಗಾಗತೊಡಗಿದರು. ಔಷಧಿ ಅಂಗಡಿಯವನು ಹೊಸ ಪ್ಯಾಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ.

"ಟೈಲರ್ರೇ, ಇದು ತೊಡೆ ದಾಟ್ತಾ ಇಲ್ಲ."

"ತಿನ್ನೋದು ಸ್ವಲ್ಪ ಕಮ್ಮಿ ಮಾಡಿ" ಎಂದ ಟೇಪಜ್ಜ.

"ಹದಿನೈದು ದಿನದಲ್ಲಿ ನಾಲ್ಕಿಂಚು ಹೇಗ್ರೀ ಬರುತ್ತೆ?"

"ಅದನ್ನ ನೀವು ಹೇಳ್ಬೇಕು. ಔಷಧಿ ಮಾರೋರು ನೀವು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಟೇಪಜ್ಜ ಹೊಟ್ಟೆ ಡೊಂಕು ಎಂದ. ಔಷಧಿ ಅಂಗಡಿಯವನು ಪಾಪ, ರಾತ್ರಿಯ ಊಟ ಬಿಟ್ಟ.

ಹೀಗಿರುವಾಗ ಸುದ್ದಿ ಬಂತು. ಸೂಜಿಯ ಸ್ಕೂಲಿನಲ್ಲಿ ಪ್ರಾಣಿಗಳ ನಾಟಕ. ಹೊಳೆ ದಾಟಲು ಹೆದರುವ ಒಂದು ಆನೆಯ ಕಥೆ, ಸೂಜಿಯೇ ಆನೆ. ತನಗೆ ಪಾತ್ರ ಸಿಗಲಿಲ್ಲ ಎಂದು ಅದೇ ಸ್ಕೂಲಿನ ಚಿಕ್ಕ ತರಗತಿಯ ಗುಂಡಿ ಮೂರು ದಿನದಿಂದ ನೆಲದ ಮೇಲೆ ಬೋರಲು ಮಲಗಿ ಮುಷ್ಕರ ಹೂಡಿದ್ದಾನೆ. ಆನೆಯ ವೇಷ ಬಾಡಿಗೆಗೆ ತರುತ್ತೇನೆ ಎಂದಳು ಮಗಳು.

"ಬಾಡಿಗೆ ಆನೆ ಯಾಕೆ? ನಾನು ಹೊಲೀತೀನಿ" ಎಂದ ಟೇಪಜ್ಜ.

"ಅಪ್ಪ, ಬೇಡ."

"ಈ ಸಲ ಅಳತೆ ತಗೊಂಡೇ ಹೊಲೀತೀನಿ. ಟೇಪು ಅಲ್ಲೇ ಇದೆಯಲ್ಲ, ಸೂಜಿ ಅಳೆದು ಹೇಳಲಿ."

ಮಗಳು ಯೋಚನೆ ಮಾಡಿದಳು. ಬಸ್ಸು ಓಡಿಸುವವಳು, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದ್ದವಳು. "ಸರಿ. ಇದೊಂದು ಸಲ. ಇದೂ ಅಳತೆ ತಪ್ಪಿದ್ರೆ ಬಟ್ಟೆ ಕಳಿಸೋ ವಿಷಯ ಅಲ್ಲಿಗೆ ಮುಗೀತು. ಆಮೇಲೆ ಬೇಜಾರು ಮಾಡ್ಕೋಬಾರದು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಫ್ರಾಕಿಗೆ ಹೋದ ಮಾನವನ್ನು ಆನೆ ಕೊಟ್ಟೇ ತರುತ್ತೇನೆ ಎಂದು ಟೇಪಜ್ಜ ಟೊಂಕ ಕಟ್ಟಿ ನಿಂತ.

ಮಾರನೆಯ ಸಂಜೆ ಅಳತೆ ಶುರುವಾಯಿತು. ಅಲ್ಲಿ ಫೋನನ್ನು ಬಕೆಟ್ಟಿಗೆ ಒರಗಿಸಿದ್ದರು. ಪರದೆಯ ಮುಕ್ಕಾಲು ಭಾಗ ಛಾವಣಿ, ಮೂಲೆಯಲ್ಲಿ ಸೂಜಿಯ ಒಂದು ಭುಜ. ಇಲ್ಲಿ ಟೇಪಜ್ಜ ಅಳತೆ ಪುಸ್ತಕ ತೆರೆದು, ಪೆನ್ಸಿಲನ್ನು ಕಿವಿಯಿಂದ ತೆಗೆದ.

"ಎದೆ ಸುತ್ತ ತಗೋ ಮರಿ. ಉಸಿರು ಬಿಡು."

"ಇಪ್ಪತ್ತೊಂಬತ್ತು ಅಜ್ಜ."

"ಏನು?" ಟೇಪಜ್ಜ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. "ಇನ್ನೊಂದ್ಸಲ ನೋಡು."

"ಇಪ್ಪತ್ತೊಂಬತ್ತೇ. ಗುಂಡಿ, ಬಿಡೋ ಆ ಕಡೆ ತುದಿ."

ಕುತ್ತಿಗೆ ಹದಿನೈದು ಬಂತು. ಮುಂಗೈ ಒಂಬತ್ತು ಬಂತು. ಊರಿನ ಲಾರಿ ಡ್ರೈವರನ ಮುಂಗೈಯೇ ಎಂಟೂವರೆ.

"ರೀ, ಕಣ್ಣಿಗೆ ಅಷ್ಟೊಂದು ದಪ್ಪ ಕಾಣಲ್ಲವಲ್ಲ?" ಎಂದಳು ಅಜ್ಜಿ, ಭುಜವನ್ನು ದಿಟ್ಟಿಸುತ್ತ.

"ಫೋನು ಎಷ್ಟಿದೆ ನೋಡು. ಅದರಲ್ಲಿ ಎಲ್ಲಾ ಸಣ್ಣದೇ ಕಾಣುತ್ತೆ. ಕಣ್ಣು ನಂಬಿ ಫ್ರಾಕು ಹೊಲಿದು ಏನಾಯ್ತು? ಅಳತೆ ಸುಳ್ಳು ಹೇಳಲ್ಲ ಕಣೆ. ನಮ್ಮ ಸೂಜಿ ದಬ್ಬಣ ಆಗಿದ್ದಾಳೆ." ಹೆಮ್ಮೆಯಿಂದ ಹೇಳಿದನಾದರೂ, ಇಷ್ಟು ಬೆಳೆಯುವವರೆಗೆ ತಾನು ಎಲ್ಲಿದ್ದೆ ಎಂದು ಅನ್ನಿಸಿತು.

ಆದರೆ ಅಳತೆಯ ಕೆಲಸ ಶುರುವಾದದ್ದೇ ತಡ, ಅವನ ಬಾಯಿಯ ಬೀಗ ತಾನಾಗಿ ಕಳಚಿಕೊಂಡಿತು. "ಕೈ ಎತ್ತು, ಯಾರ ಪಕ್ಕ ಕೂತ್ಕೋತೀಯ ಕ್ಲಾಸಲ್ಲಿ, ಮೊಣಕೈ ಮಡಚು" ಎಂದ. ಮೊಣಕೈ ಮಡಚುತ್ತ ಸೂಜಿ ತನ್ನ ಗೆಳತಿಯ ವಿಷಯ ಹೇಳಿದಳು. ಅವಳು ರಬ್ಬರ್ ಕಚ್ಚಿ ಕಚ್ಚಿ ತಿನ್ನುತ್ತಾಳೆ, ಈಗ ಇಬ್ಬರಿಗೂ ಮಾತಿಲ್ಲ, ಯಾಕೆಂದರೆ ಕೊನೆಯ ಸಲ ತಿಂದದ್ದು ಸೂಜಿಯ ರಬ್ಬರ್. ಬೆನ್ನಿನ ಅಳತೆ ತೆಗೆಯುವಾಗ ಕತ್ತಲೆಯ ಹೆದರಿಕೆಯ ಸುದ್ದಿ ಬಂತು. ಎರಡು ವರ್ಷದಲ್ಲಿ ಹೊರಡದ ಮಾತು ಒಂದು ಸಂಜೆಯಲ್ಲಿ ಹೊರಟಿತು.

ಆನೆಗೆ ಬೇಕಾದ ಅಳತೆ ಮೊದಲ ದಿನವೇ ಮುಗಿಯಿತು. ಟೇಪಜ್ಜ ಮುಗಿಸಲಿಲ್ಲ. ಎರಡನೆಯ ದಿನ ಮೂಗಿನಿಂದ ಮೊಣಕೈವರೆಗಿನ ಅಳತೆ ಕೇಳಿದ. ಮೂರನೆಯ ದಿನ ಕಾಲಿನ ಕಿರುಬೆರಳಿನದು ಕೇಳಿದ, ನಾಲ್ಕನೆಯ ದಿನ ಕಿವಿಯಿಂದ ಮಂಡಿಯವರೆಗೆ.

"ಇದೆಲ್ಲ ಆನೆಗೆ ಬೇಕಾ ಅಜ್ಜ?"

"ಬೇಕು ಮರಿ. ಆನೆ ಅಂದ್ರೆ ಹುಡುಗಾಟ ಅಲ್ಲ."

ಅಳತೆ ಪುಸ್ತಕದಲ್ಲಿ ಒಂದು ಹೊಸ ಸಾಲು ಬೆಳೆಯಿತು. ಮುಂಗೈ ಒಂಬತ್ತು, ರಬ್ಬರ್ ಜಗಳ. ಬೆನ್ನು ಹದಿನೇಳು, ಕತ್ತಲೆ ಅಂದ್ರೆ ಭಯ. ಮೂಗಿನಿಂದ ಮೊಣಕೈ ಹದಿನೆಂಟು, ಹಲ್ಲು ಅಲ್ಲಾಡ್ತಿದೆ. ಅಜ್ಜಿ ಅದನ್ನು ಕದ್ದು ಓದಿದಳು. ಓದಿ, ಯಾವತ್ತಿನ ಹಾಗೆ ಕತ್ತರಿ ಹಾಕದೆ ಸುಮ್ಮನಾದಳು.

ಒಂದು ವಾರ ಆನೆ ಹೊಲಿದ. ಬೂದು ಬಣ್ಣದ ಬಟ್ಟೆ, ಎರಡು ಸಲ ಹೊಲಿಗೆ, ಹೊಟ್ಟೆ ಉಬ್ಬಲು ಬಿದಿರಿನ ಬಳೆ. ಮುಂಗಾಲು ಎರಡರಲ್ಲಿ ಸೂಜಿ ನಿಲ್ಲಬೇಕು, ಹಿಂಗಾಲು ಎರಡಕ್ಕೆ ಚಿಂದಿ ತುಂಬಿದ್ದು, ಸುಮ್ಮನೆ ಹಿಂದೆ ಎಳೆದುಕೊಂಡು ಬರುತ್ತವೆ. ಬೆಳೆಯುವ ಮಗು ಎಂದು ಎಲ್ಲ ಕಡೆ ಇನ್ನೆರಡು ಇಂಚು ಹೆಚ್ಚಿಗೆ ಬಿಟ್ಟ. ಫ್ರಾಕಿನ ಪೆಟ್ಟು ತಿಂದವನು, ಎಚ್ಚರಿಕೆ ಜಾಸ್ತಿಯೇ ಆಗಿತ್ತು. ಸೊಂಡಿಲು ಅಂಗಡಿಯ ಬಾಗಿಲಿನಿಂದ ಹೊರಗೆ ಚಾಚಿಕೊಂಡಿತ್ತು, ಬೀದಿಯಲ್ಲಿ ಹೋಗುವವರೆಲ್ಲ ಅದರ ಕೈ ಕುಲುಕಿ ಹೋದರು. ಪಾರ್ಸೆಲ್ ಕಳಿಸುವಾಗ ಟೇಪಜ್ಜ ಅದರ ಹಣೆ ಸವರಿದ.

ನಾಟಕಕ್ಕೆ ಎರಡು ದಿನ ಇರುವಾಗ ಮಗಳು ಫೋನು ಮಾಡಿದಳು. ಅದೇ ಹೊತ್ತಿಗೆ ಔಷಧಿ ಅಂಗಡಿಯವನು ಎರಡನೆಯ ಸಲ ಹೊಲಿಸಿದ ಪ್ಯಾಂಟನ್ನು ಹಿಡಿದುಕೊಂಡು ಅಂಗಡಿಯಲ್ಲಿ ನಿಂತಿದ್ದ. ಪಾಪ, ಮುಖ ಇಳಿದುಹೋಗಿತ್ತು, ಪ್ಯಾಂಟು ಮಾತ್ರ ತೊಡೆ ದಾಟಿರಲಿಲ್ಲ.

ಪರದೆಯಲ್ಲಿ ಒಂದು ಆನೆ ಕುಸಿದು ಬಿದ್ದಿತ್ತು.

"ಸೂಜಿ ಎಲ್ಲಿ?" ಎಂದ ಟೇಪಜ್ಜ.

"ಅದರೊಳಗೆ ಇದ್ದಾಳೆ" ಎಂದಳು ಮಗಳು. "ಹುಡುಕ್ತಾ ಇದ್ದೀವಿ. ಅಪ್ಪ, ಇದರೊಳಗೆ ನಾನೂ ಹೋಗ್ಬಹುದು. ನನ್ನ ಕಂಡಕ್ಟರೂ ಬರಬಹುದು."

ಆನೆಯ ಕುತ್ತಿಗೆಯಿಂದ ಕೊನೆಗೂ ಸೂಜಿಯ ತಲೆ ಹೊರಬಂತು. ಅವಳು ಅದೇ ಸೂಜಿ, ಸಣಕಲು ಕುತ್ತಿಗೆ, ಕಡ್ಡಿಯಂಥ ಕೈ. ಮೂಗಿನಿಂದ ಮೊಣಕೈವರೆಗೆ ಅಳೆದ ಸಂಜೆಗಳೆಲ್ಲ ಮುಗಿದವು, ಇನ್ನು ಊಟ ಆಯ್ತಾ, ಆಯ್ತು, ಮತ್ತೇನಿಲ್ಲ. ಟೇಪಜ್ಜ ಸ್ಟೂಲಿನ ಮೇಲೆ ಕೂತುಬಿಟ್ಟ.

"ಅಳತೆ ಸುಳ್ಳು ಹೇಳಲ್ಲ" ಎಂದ, ಯಾರಿಗೂ ಅಲ್ಲದೆ.

ಅಜ್ಜಿ ಒಮ್ಮೆ ಪ್ಯಾಂಟನ್ನೂ ಒಮ್ಮೆ ಆನೆಯನ್ನೂ ನೋಡಿ ಫೋನು ಕಿತ್ತುಕೊಂಡಳು. "ಗುಂಡಿ, ಆ ಟೇಪು ತಗೊಂಡು ಬಾ ಕಂದ. ಫೋನಿನ ಮುಂದೆ ಹಿಡಿ."

ಗುಂಡಿ ತಂದು ಹಿಡಿದ. ಹೊಸದಾಗಿ ಅಂಕೆ ಕಲಿತವನು, ಕೇಳದಿದ್ದರೂ ಓದಿದ. "ಐದು, ಆರು, ಏಳು."

"ಮೊದಲಿಂದ ಓದು ಪುಟ್ಟ."

"ಮೊದಲಿಂದಲೇ ಅಜ್ಜಿ. ಇದರಲ್ಲಿ ಒಂದು ಎರಡು ಮೂರು ನಾಲ್ಕು ಇಲ್ಲ."

"ಯಾಕೋ ಹೇಳ್ಲಿಲ್ಲ ನೀನು?" ಎಂದಳು ಅವನ ಅಮ್ಮ.

"ಅಜ್ಜನ ಊರಲ್ಲಿ ಐದರಿಂದ ಎಣಿಸ್ತಾರೆ ಅಂದ್ಕೊಂಡೆ."

ಟೇಪಜ್ಜ ತನ್ನ ಕೊರಳಿನ ಹೊಸ ಟೇಪಿನ ತುದಿಯನ್ನು ನಿಧಾನವಾಗಿ ಕಣ್ಣಿನ ಹತ್ತಿರ ತಂದ. ಒಂದು, ಎರಡು, ಮೂರು, ನಾಲ್ಕು, ಎಲ್ಲ ಇದ್ದವು. ಮೂವತ್ತು ವರ್ಷ ನಾಲ್ಕು ಕಳೆದ ಕೈ, ಕಳೆಯಬೇಕಿಲ್ಲದ ಟೇಪಿನಲ್ಲೂ ಕಳೆಯುತ್ತ ಬಂದಿತ್ತು; ಸೂಜಿ ಓದಿ ಹೇಳಿದ್ದನ್ನು ಮಾತ್ರ ಕಳೆಯದೆ ಹಾಗೇ ಬರೆದುಕೊಂಡಿತ್ತು. ಅಲ್ಲಿ ಆನೆ ನಾಲ್ಕಿಂಚು ಹೆಚ್ಚು, ಇಲ್ಲಿ ಪ್ಯಾಂಟು ನಾಲ್ಕಿಂಚು ಕಡಿಮೆ.

ಔಷಧಿ ಅಂಗಡಿಯವನಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. "ಅಂದ್ರೆ ನಾನು ದಪ್ಪ ಆಗಿಲ್ಲ" ಎಂದ. ಅವನ ಕಣ್ಣಲ್ಲಿ ನೀರು ಬಂತು. "ಇವತ್ತು ರಾತ್ರಿ ಊಟ ಮಾಡ್ತೀನಿ" ಎಂದು ಪ್ಯಾಂಟನ್ನು ಅಲ್ಲೇ ಬಿಟ್ಟು ಮನೆಗೆ ಓಡಿದ.

"ಅಪ್ಪ" ಎಂದಳು ಮಗಳು, ಮೆತ್ತಗಿನ ದನಿಯಲ್ಲಿ. ಆ ಮೆತ್ತಗಿನ ದನಿಯೇ ಅವನಿಗೆ ಹೆಚ್ಚು ಚುಚ್ಚಿತು. "ನಾಳೆ ಬಾಡಿಗೆಗೆ ತರ್ತೀನಿ ಬಿಡು. ಆದ್ರೆ ನಾವು ಮಾತಾಡ್ಕೊಂಡಿದ್ವಲ್ಲ, ಅಳತೆ ತಪ್ಪಿದ್ರೆ..."

"ಅಳತೆ ತಪ್ಪಿಲ್ಲ" ಎಂದಳು ಸೂಜಿ. ಎದ್ದು ನಿಂತಿದ್ದಳು. ಬೂದು ಬಟ್ಟೆ ಮಂಡಿಯ ಹತ್ತಿರ ಮಡಿಕೆ ಮಡಿಕೆಯಾಗಿ ಇಳಿಬಿದ್ದಿತ್ತು, ಹೊಟ್ಟೆ ಜೋಲುತ್ತಿತ್ತು, ಕಾಲಿನ ಸುತ್ತ ಸುಕ್ಕು. "ಆನೆ ಚರ್ಮ ಹೀಗೇ ಇರೋದು, ಟೀಚರ್ ಫೋಟೋ ತೋರಿಸಿದಾರೆ. ಬಾಡಿಗೆ ಆನೆ ಬಿಗಿಯಾಗಿರುತ್ತೆ, ಹಂದಿ ತರ. ಆನೆ ಅಳತೆ ಸರಿಯಾಗಿದೆ ಅಮ್ಮ. ತಪ್ಪಿರೋದು ನನ್ನ ಅಳತೆ."

ಇದಕ್ಕೆ ಮಗಳು ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ಆನೆಯ ಹಿಂಗಾಲು ತಾವಾಗಿ ನಡೆಯತೊಡಗಿದವು. ಗುಂಡಿ ಚಿಂದಿಯನ್ನೆಲ್ಲ ಕಿತ್ತೆಸೆದು ಒಳಗೆ ಸೇರಿಕೊಂಡಿದ್ದ. ಮುಷ್ಕರ ಅಲ್ಲಿಗೆ ಮುಗಿಯಿತು. ಅವನನ್ನು ಹೊರಗೆ ತೆಗೆಯಲು ನಾಟಕದ ದಿನದವರೆಗೆ ಯಾರಿಂದಲೂ ಆಗಲಿಲ್ಲ, ಊಟವನ್ನೂ ಬಾಲದ ತೂತಿನಿಂದ ಕೊಟ್ಟರಂತೆ. ಟೀಚರು ನೋಡಿ, ಹಿಂಗಾಲು ನಡೆಯುವ ಆನೆಯೇ ವಾಸಿ ಎಂದರು.

ನಾಟಕವನ್ನು ಟೇಪಜ್ಜ ಫೋನಿನಲ್ಲಿ ನೋಡಿದ. ಅರ್ಧ ಬೀದಿ ಅಂಗಡಿಯೊಳಗೆ ಇತ್ತು. ಮೊದಮೊದಲು ಎಲ್ಲ ಚೆನ್ನಾಗಿ ನಡೆಯಿತು. ಹೊಳೆಯ ಹತ್ತಿರ ಬರುವ ಹೊತ್ತಿಗೆ ಗುಂಡಿ ಬಾಲದ ತೂತಿನಿಂದ ಇಣುಕಿ ಅಮ್ಮನನ್ನು ಕಂಡುಬಿಟ್ಟ. ಆನೆಯ ಮುಂದಿನ ಅರ್ಧ ಹೊಳೆಯ ಕಡೆ ಹೊರಟಿತು, ಹಿಂದಿನ ಅರ್ಧ ಅಮ್ಮನ ಕಡೆ. ಆನೆ ಉದ್ದವಾಯಿತು, ಇನ್ನೂ ಉದ್ದವಾಯಿತು, ಹೊಟ್ಟೆಯ ಬಿದಿರು ಬಳೆ ಕಿರುಗುಟ್ಟಿತು.

"ಹೊಲಿಗೆ ನೋಡ್ರೀ" ಎಂದು ಟೇಪಜ್ಜ ಸ್ಟೂಲಿನ ಮೇಲೆ ಹತ್ತಿ ನಿಂತ. "ಬಿಚ್ಚುತ್ತಾ ನೋಡ್ರೀ."

ಬಿಚ್ಚಲಿಲ್ಲ. ಎಳೆದಾಟದಲ್ಲಿ ಹಿಂಗಾಲೇ ಗೆದ್ದು, ಹೊಳೆಗೆ ಹೆದರುವ ಆನೆ ಹಿಮ್ಮುಖವಾಗಿ ಸಭೆಗೆ ಇಳಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಕಂಡದ್ದು ಛಾವಣಿ ಮಾತ್ರ, ಯಾಕೆಂದರೆ ಮಗಳು ನಕ್ಕೂ ನಕ್ಕೂ ಫೋನು ಕೈಬಿಟ್ಟಿದ್ದಳು. ಅವಳು ಚಿಕ್ಕವಳಿದ್ದಾಗ ಚಿಂದಿ ಬುಟ್ಟಿಯಲ್ಲಿ ಕೂತು ನಗುತ್ತಿದ್ದ ಅದೇ ನಗು.

"ಆಯ್ತಪ್ಪ, ಕಳಿಸು" ಎಂದಳು ಕೊನೆಗೆ, ಕಣ್ಣೊರೆಸಿಕೊಂಡು. "ಏನು ಬೇಕಾದ್ರೂ ಹೊಲಿದು ಕಳಿಸು. ನಾಲ್ಕು ಕಳೆಯೋದು ಮಾತ್ರ ಮರೀಬೇಡ."

ಸೂಜಿಗೆ ಹೊಸ ಟೇಪು ಕಳಿಸುತ್ತೇನೆಂದರೆ ಅವಳು ಬೇಡವೆಂದಳು, ಟೇಪಜ್ಜನ ಟೇಪೇ ಬೇಕಂತೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ದೊಡ್ಡ ಕತ್ತರಿ ತೆಗೆದುಕೊಂಡು ತನ್ನ ಹೊಸ ಟೇಪಿನ ಮೊದಲ ನಾಲ್ಕು ಇಂಚನ್ನು ಕತ್ತರಿಸಿ ಹಾಕಿದ. ಅಜ್ಜಿ ಹುಬ್ಬೇರಿಸಿದಳು. "ಈಗ ಎರಡೂ ಕಡೆ ಒಂದೇ" ಎಂದ ಅವನು. ಔಷಧಿ ಅಂಗಡಿಯವನ ಪ್ಯಾಂಟು ಮೂರನೆಯ ಸಲಕ್ಕೆ ಸರಿಯಾಗಿ ಕೂತಿತು.

ನಾಲ್ಕು ದಿನ ಕಳೆದು, ಫೋನು ಮಾಡುವ ವಾರವಲ್ಲದ ಒಂದು ದಿನ, ಫೋನು ಬಡಿದುಕೊಂಡಿತು. ಬಕೆಟ್ಟು, ಛಾವಣಿ, ಮೂಲೆಯಲ್ಲಿ ಒಂದು ಭುಜ.

"ಅಜ್ಜ, ಪುಸ್ತಕ ತಗೋ" ಎಂದಳು ಸೂಜಿ. "ಮೂಗಿನಿಂದ ಮೊಣಕೈ, ಹದಿನೆಂಟು. ನಾಲ್ಕು ಕಳಿ."

"ಹದಿನಾಲ್ಕು" ಎಂದು ಟೇಪಜ್ಜ ಬರೆದುಕೊಂಡ. "ಏನು ಹೊಲಿಬೇಕು ಮರಿ?"

"ಏನೂ ಹೊಲಿಬೇಡ."

"ಮತ್ತೆ ಅಳತೆ ಯಾಕೆ?"

"ಹಲ್ಲು ಬಿತ್ತು ಅಜ್ಜ" ಎಂದಳು ಅವಳು. "ಅದನ್ನ ಹೇಳ್ಬೇಕಿತ್ತು."

ಟೇಪಜ್ಜ ಪೆನ್ಸಿಲ್ ಕೆಳಗಿಟ್ಟ. ಎದ್ದು ನಿಂತು, ಯಾಕೆಂದು ತನಗೇ ಗೊತ್ತಿಲ್ಲದೆ, ಫೋನಿನ ಮುಂದೆ ಎರಡೂ ಕೈ ಎತ್ತಿದ.

"ಹೇಳು ಮರಿ" ಎಂದ. "ನಿಧಾನವಾಗಿ ಹೇಳು."